ಏಳು ಎಣಿಸುವಷ್ಟು ಕತ್ತಲೆ

"ಅವ್ವಾ, ಒಂದು ಮುಗಿದು ಇನ್ನೊಂದು ಶುರುವಾಗೋ ತನಕ ಮನುಷ್ಯಾ ಎಲ್ಲಿರಬೇಕು?"

ಕೇಳಿದವನು ಫಕೀರಪ್ಪ ಎಂಬ ನೇಕಾರ. ಕೇಳಿಸಿಕೊಂಡವಳು ನಿಂಬವ್ವ ತಾಯಿ. ಹನ್ನೆರಡು ವರ್ಷದಿಂದ ಅವನು ಅವಳ ಶಿಷ್ಯ. ಅವನೂ ಅವನ ಅಣ್ಣನೂ ಮೂವತ್ತು ವರ್ಷ ಒಂದೇ ಮನೆಯಲ್ಲಿ ಮಗ್ಗ ಹೂಡಿ ದುಡಿದವರು. ಐದು ದಿನದ ಹಿಂದೆ ಅಣ್ಣ ತೀರಿಕೊಂಡಿದ್ದ. ನಾಲ್ಕನೆಯ ದಿನವೇ ಫಕೀರಪ್ಪ ಮಗ್ಗ ಬಿಚ್ಚಿಸಿ ಅಟ್ಟಕ್ಕೆ ಹಾಕಿದ. ಮರುದಿನ ಮನೆಗೆ ಬೀಗ ಜಡಿದು, ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ತಾಯಿಯ ಬಳಿಗೆ ಬಂದುಬಿಟ್ಟ. ಇವತ್ತೇ ದೀಕ್ಷೆ ಆಗಬೇಕು, ಬೇರೆ ಹೆಸರು ಬೇಕು, ಬೇರೆ ಊರಿಗೆ ಕಳಿಸಬೇಕು ಎಂಬುದು ಅವನ ಹಟ.

"ಆ ಮನಿಯಾಗ ಕೂಡಾಕ ಆಗವಲ್ದವ್ವಾ. ಏನರೆ ಒಂದು ಲಗೂನ ಶುರು ಆಗ್ಲಿ," ಎಂದ.

"ಮೊದಲು ಕೂಡು," ಎಂದಳು ತಾಯಿ.

ಅವನು ಕೂತ. ಚೀಲವನ್ನು ಮಾತ್ರ ಹೆಗಲಿನಿಂದ ಇಳಿಸಲಿಲ್ಲ. ತಾಯಿ ಅದನ್ನು ನೋಡಿದಳು. ನೋಡಿ, ಈ ಕತೆ ಹೇಳಿದಳು.

ಒಂದು ನಾಟಕದ ಕಂಪನಿಯಲ್ಲಿ ಒಬ್ಬ ದೀಪದ ಹೆಂಗಸಿದ್ದಳು. ಮೊದಲು ಅವಳು ಅದೇ ಕಂಪನಿಯ ಅಡುಗೆಯವಳು. ರಂಗದ ಬೆಳಕನ್ನು ಏರಿಸಿ ಇಳಿಸುವುದಕ್ಕೆ ಅಲ್ಲಿ ಉಪ್ಪುನೀರಿನ ಬಾನಿಗಳಿದ್ದವು. ಮಣ್ಣಿನ ಬಾನಿ. ಅದರ ತಳದಲ್ಲಿ ಒಂದು ತಗಡು. ಕೋಲಿಗೆ ಕಟ್ಟಿ ಮೇಲಿನಿಂದ ಇಳಿಬಿಟ್ಟ ಇನ್ನೊಂದು ತಗಡು. ಎರಡಕ್ಕೂ ಕರೆಂಟಿನ ತಂತಿ. ಮೇಲಿನ ತಗಡು ನೀರಿಗೆ ಇಳಿದಷ್ಟೂ ರಂಗದ ಮೇಲೆ ಬೆಳಕು ಏರುತ್ತದೆ, ಎತ್ತಿದಷ್ಟೂ ಕುಗ್ಗುತ್ತದೆ. ನೀರಿನಿಂದ ಪೂರ್ತಿ ಎತ್ತಿದರೆ ಕತ್ತಲೆ. ಉಪ್ಪು ಕಡಿಮೆಯಾದರೆ ಬೆಳಕು ಮಂಕಾಗುತ್ತದೆ, ಹೆಚ್ಚಾದರೆ ನೀರು ಕುದಿದು ಉಕ್ಕುತ್ತದೆ. ಮುಟ್ಟಬಾರದ ಕಡೆ ಮುಟ್ಟಿದವರು ಬದುಕುವುದಿಲ್ಲ.

ಬಾನಿ ನೋಡಿಕೊಳ್ಳುತ್ತಿದ್ದವನು ಒಮ್ಮೆ ಊರಿಗೆಂದು ಹೋದವನು ತಿರುಗಿ ಬರಲಿಲ್ಲ. ಆಗ ಈ ಹೆಂಗಸು ಯಜಮಾನನ ಮುಂದೆ ನಿಂತು, "ಉಪ್ಪಿನ ಹದ ನನಗ ಬಿಡ್ರಿ," ಎಂದಳು. ಕಂಪನಿಯೆಲ್ಲ ನಕ್ಕಿತು. ಅವಳು ಯಾರನ್ನೂ ಕೇಳದೆ, ಯಾರ ಕೈಯನ್ನೂ ಕಾಯದೆ, ಅಂಗೈ ಸುಟ್ಟುಕೊಂಡು ಎರಡು ತಿಂಗಳಲ್ಲಿ ಆ ಕೆಲಸ ಕಲಿತಳು. ನಕ್ಕವರೇ ಆಮೇಲೆ, "ಅಕ್ಕಾ, ನನ್ನ ಹಾಡಿಗೆ ಒಂಚೂರು ಬೆಳಕು ಹೆಚ್ಚಿಗಿ ಬಿಡವಾ," ಎಂದು ಬಂದು ನಿಲ್ಲುತ್ತಿದ್ದರು. ಅವಳು ಬಿಡುತ್ತಿರಲಿಲ್ಲ.

ಆ ಕಂಪನಿಯಲ್ಲಿ ದೃಶ್ಯ ಬದಲಾಗುವಾಗ ಪರದೆ ಬೀಳುತ್ತಿತ್ತು. ಪರದೆಯ ಮುಂದೆ ಹಾಸ್ಯಗಾರ ಬಂದು ಕುಣಿಯುತ್ತಿದ್ದ. ಅಷ್ಟರಲ್ಲಿ ಹಿಂದೆ ಅರಮನೆ ಹೋಗಿ ಕಾಡು ಬರುತ್ತಿತ್ತು. ಹಾಗಾಗಿ ಅವಳ ಬೆಳಕು ಏರಿ ಇಳಿದಿತ್ತೇ ಹೊರತು ಆಟದ ನಡುವೆ ಒಮ್ಮೆಯೂ ಪೂರ್ತಿ ಆರಿರಲಿಲ್ಲ.

ಯಜಮಾನ ಒಂದು ಹೊಸ ನಾಟಕ ಬರೆದ. ಊರಿಗೆ ಬೇನೆ ಬಿದ್ದಿದೆ. ಒಬ್ಬ ತಾಯಿ ತನ್ನ ಮಗಳನ್ನು ಹೊಳೆಯಾಚೆಯ ಊರಿಗೆ ಓಡಿಸಿ, ತಾನು ಒಬ್ಬಳೇ ಚಾಪೆಯ ಮೇಲೆ ಸಾಯುತ್ತಾಳೆ. ಮುಂದಿನ ದೃಶ್ಯದಲ್ಲಿ ಮಗಳು ಆಚೆ ದಡದಲ್ಲಿ ಒಲೆ ಹಚ್ಚಿ, ಅವ್ವ ಹಿಂದೆಯೇ ಬರುತ್ತಾಳೆಂದು ಅವಳಿಗೂ ಒಂದು ತಟ್ಟೆ ಇಡುತ್ತಾಳೆ.

ಯಜಮಾನ ಹೇಳಿದ: "ಇಲ್ಲಿ ಪರದೆ ಬ್ಯಾಡ. ಹಾಸ್ಯಗಾರನೂ ಬ್ಯಾಡ. ತಾಯಿ ಸತ್ತ ಜಾಗದಾಗ ಅವ ಬಂದು ಕುಣಿದ್ರ ಆ ಸಾವಿಗೆ ಏನು ಮರ್ಯಾದಿ? ನಿನ್ನ ಬೆಳಕ ಈ ಮನಿಯಿಂದ ಆ ದಡಕ್ಕ ನಮ್ಮನ್ನ ಒಯ್ಯಬೇಕು. ಮನಿ ಬಾನಿಯ ತಗಡು ಪೂರ್ತಿ ಎತ್ತು. ಏಳು ಎಣಿಸು. ದಡದ ಬಾನಿಯ ತಗಡು ಇಳಿಸು."

ಆ ಏಳು ಎಣಿಸುವುದರೊಳಗೆ ಸತ್ತ ತಾಯಿ ಎದ್ದು ಒಳಗೆ ಹೋಗಬೇಕು, ಚಾಪೆ ಹೋಗಬೇಕು, ಒಲೆ ಬರಬೇಕು, ಮಗಳು ಬಂದು ಒಲೆಯ ಮುಂದೆ ಕೂರಬೇಕು.

"ಮಾಡ್ತೇನ್ರಿ," ಎಂದಳು ದೀಪದ ಹೆಂಗಸು. ಹೇಳುವಾಗ ಸಲೀಸಾಗಿ ಹೇಳಿದಳು. ಆಮೇಲೆ ಅವಳಿಗೆ ಅನ್ನ ಸೇರಲಿಲ್ಲ.

ಡೇರೆಯಲ್ಲಿ ಸಾವಿರ ಮಂದಿ ಕೂತಿರುತ್ತಾರೆ. ಕತ್ತಲಾದರೆ ಮಕ್ಕಳು ಚೀರುತ್ತವೆ. ಕರೆಂಟು ಹೋಯಿತೆಂದು ಪಡ್ಡೆ ಹುಡುಗರು ಸಿಳ್ಳೆ ಹಾಕುತ್ತಾರೆ. ಒಬ್ಬ ಎದ್ದರೆ ಹತ್ತು ಮಂದಿ ಏಳುತ್ತಾರೆ. ಡೇರೆ ಖಾಲಿಯಾದ ಮೇಲೆ ಯಾರೂ ಯಜಮಾನನನ್ನು ಬೈಯುವುದಿಲ್ಲ. ಅಡುಗೆಯವಳಿಗೆ ಬಾನಿ ಕೊಟ್ಟಿದ್ದಕ್ಕೆ ಹೀಗಾಯಿತು ಎನ್ನುತ್ತಾರೆ. ನೀರು ತರುವಾಗ, ಬಟ್ಟೆ ಒಗೆಯುವಾಗ ಅವಳು ಏಳರವರೆಗೆ ಎಣಿಸಿ ನೋಡಿದಳು. ಎಣಿಸಿದಷ್ಟೂ ಅದು ಉದ್ದವಾಯಿತು.

ಮೊದಲ ಆಟದ ದಿನ ಬಂತು. ತಾಯಿ ಸತ್ತಳು. ಹೆಂಗಸು ತಗಡು ಎತ್ತಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಅವಳ ಎದೆ ತಡೆಯಲಿಲ್ಲ. ಕೈ ತಾನೇ ಹೋಗಿ ಇನ್ನೊಂದು ಬಾನಿಯ ಕೋಲನ್ನು ಇಳಿಸಿತು. ಆಚೆ ದಡ ಬೆಳಗಿತು. ದಡದ ಮೇಲೆ ಸತ್ತ ತಾಯಿ ಚಾಪೆ ಸುತ್ತುತ್ತಾ ನಿಂತಿದ್ದಳು.

ಮಂದಿ ನಕ್ಕರು.

ಎರಡನೆಯ ಆಟಕ್ಕೆ ಅವಳು ಏಳರವರೆಗೂ ಎಣಿಸಿದಳು. ಹಲ್ಲು ಕಚ್ಚಿ ಎಣಿಸಿದಳು. ಆದರೆ ತಗಡನ್ನು ಪೂರ್ತಿ ಎತ್ತಲಿಲ್ಲ. ತುದಿ ಎರಡು ಬೆರಳಿನಷ್ಟು ನೀರಿನಲ್ಲೇ ಇರಲಿ, ಮಂದಿಯ ಧೈರ್ಯಕ್ಕೆ ಇಷ್ಟು ಬೆಳಕು ಇರಲಿ ಎಂದುಕೊಂಡಳು. ಆ ಇಷ್ಟು ಬೆಳಕಿನಲ್ಲಿ ಸತ್ತ ತಾಯಿ ಎದ್ದು ಕೂತಳು. ಸೀರೆ ಕೊಡವಿಕೊಂಡಳು. ವಯಸ್ಸಾದವಳು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನಡೆದಳು.

"ಯವ್ವಾ, ಹೊಂಟೆಲ್ಲಾ! ಇನ್ನೊಮ್ಮಿ ಸತ್ತು ಹೋಗಬೇ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

ಡೇರೆಯೇ ಹಾರಿಹೋಗುವಂತೆ ಮಂದಿ ನಕ್ಕರು. ಮುಂದೆ ಮಗಳು ಅವ್ವನಿಗೆಂದು ತಟ್ಟೆ ಇಟ್ಟಾಗಲೂ ಆ ನಗೆ ನಿಂತಿರಲಿಲ್ಲ.

ತಾಯಿಯ ಪಾತ್ರದ ಮುದುಕಿ ಮುಖದ ಬಣ್ಣವನ್ನೂ ಒರೆಸದೆ ಯಜಮಾನನ ಬಳಿ ಬಂದಳು. "ನಲವತ್ತು ವರ್ಷದಿಂದ ರಂಗದ ಮ್ಯಾಲ ಸಾಯಾಕತ್ತೀನಿ. ಒಬ್ಬರೂ ನಕ್ಕಿದ್ದಿಲ್ಲ. ಪರದೆ ಕಟ್ಟಸ್ರಿ. ಇಲ್ಲಾಂದ್ರ ನಾ ಇನ್ನ ಸಾಯೂದಿಲ್ಲ," ಎಂದಳು.

ಯಜಮಾನ ಪರದೆಯ ಪೆಟ್ಟಿಗೆ ತೆಗೆಸಿದ. ಪೆಟ್ಟಿಗೆ ತೆರೆಯುವ ಸದ್ದು ದೀಪದ ಹೆಂಗಸಿಗೂ ಕೇಳಿಸಿತು. ಪರದೆ ಏರಿದರೆ ಸೋತವಳೆಂದು ತಾನು ಬಾನಿ ಬಿಟ್ಟು ತಿರುಗಿ ಸೌಟು ಹಿಡಿಯಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಾಸ್ಯಗಾರ ಆಗಲೇ ಬಂದು, "ಅಕ್ಕಾ, ನಾಳೆ ಬ್ಯಾಳಿ ಸಾರಿಗೆ ಉಪ್ಪು ಸರಿ ನೋಡಿ ಹಾಕು," ಎಂದು ಹೇಳಿ ಹೋಗಿದ್ದ.

ಯಜಮಾನ ಅವಳನ್ನು ಕರೆದ.

"ಬೆಳಕು ಯಾಕ ಉಳಿಸಿದಿ?"

"ಪೂರ್ತಿ ಕತ್ತಲಾದ್ರ ಮಂದಿ ಎದ್ದು ಹೋಗ್ತಾರ್ರಿ."

"ಯಾರು ಎದ್ದು ಹೋಗ್ಯಾರ?"

"ಯಾರೂ ಹೋಗಿಲ್ರಿ. ನಾ ಹೋಗಾಕ ಬಿಟ್ಟಿಲ್ಲಲ್ರಿ!"

ಯಜಮಾನನಿಗೆ ನಗು ಬಂತು, ಆದರೆ ನಗಲಿಲ್ಲ. "ನಾಳಿನದೊಂದು ಆಟ ಪರದೆ ಇಲ್ಲದ ನಡೀಲಿ. ಬಾನಿ ನಾ ಹಿಡೀತೀನಿ. ನೀ ಮುಂದ ಹೆಣ್ಮಕ್ಕಳ ಕಡೆ ಹೋಗಿ ಕೂಡು," ಎಂದ.

ಇದು ತನ್ನನ್ನು ಬಿಡಿಸುವ ಮೊದಲಿನ ಉಪಚಾರ ಎಂದೇ ಅವಳು ತಿಳಿದಳು. ಆದರೂ ತಲೆ ತಗ್ಗಿಸಲಿಲ್ಲ. ಒಗೆದ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಸಾವಿರ ಮಂದಿಯ ನಡುವೆ ಹೋಗಿ ಕೂತಳು. ಅಷ್ಟು ವರ್ಷ ಕಂಪನಿಯಲ್ಲಿದ್ದರೂ ಅವಳು ಒಂದು ನಾಟಕವನ್ನೂ ಮುಂದಿನಿಂದ ನೋಡಿರಲಿಲ್ಲ.

ತಾಯಿ ಸತ್ತಳು. ಬೆಳಕು ಮೆಲ್ಲಗೆ ಕುಗ್ಗಿತು. ಚಾಪೆ ಹೋಯಿತು, ತಾಯಿಯ ಕೈ ಹೋಯಿತು, ಮುಖ ಎಲ್ಲಕ್ಕಿಂತ ಕೊನೆಗೆ ಹೋಯಿತು. ಪೂರ್ತಿ ಕತ್ತಲೆ.

ಹೆಂಗಸು ಎಣಿಸತೊಡಗಿದಳು. ಒಂದು. ಎಲ್ಲಿಯೋ ಬಳೆ ಸದ್ದಾಯಿತು. ಎರಡು. "ಏನಾತಬೇ?" ಎಂದು ಒಂದು ಮಗು ಕೇಳಿತು, ಅದರ ತಾಯಿ ಬಾಯಿ ಮುಚ್ಚಿಸಿದಳು. ಮೂರು. ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ಅವಳ ಕಿವಿಯೆಲ್ಲ ಹಿಂದಿನ ಸಾಲಿನಲ್ಲಿತ್ತು. ನಾಲ್ಕು. ಅವಳ ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಕೋಲು ಹುಡುಕಿತು.

ಕೋಲು ಸಿಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗುರುತಿಲ್ಲ, ಪರಿಚಯವಿಲ್ಲ.

"ಹೊಳಿ ತುಂಬೇತಿ," ಎಂದು ಆ ಹೆಂಗಸು ಪಿಸುಗುಟ್ಟಿದಳು. "ಹುಡುಗಿ ದಾಟ್ತಾಳೋ ಇಲ್ಲೋ ತಂಗಿ?"

ನಾಟಕದಲ್ಲಿ ಹೊಳೆ ದಾಟುವ ದೃಶ್ಯವೇ ಇರಲಿಲ್ಲ. ಯಜಮಾನ ಅದನ್ನು ಬರೆದಿರಲಿಲ್ಲ, ಯಾರೂ ಅದನ್ನು ಆಡಿರಲಿಲ್ಲ. ಹೊಳೆ ತುಂಬಿದೆ ಎಂದು ಯಾವ ಪಾತ್ರವೂ ಹೇಳಿರಲಿಲ್ಲ. ಆದರೂ ಆ ಕತ್ತಲೆಯಲ್ಲಿ ಸಾವಿರ ಮಂದಿ ನಡುಮಟ್ಟದ ನೀರಿನಲ್ಲಿ ನಿಂತಿದ್ದರು. ಒಬ್ಬರೂ ಎದ್ದು ಹೋಗಲಿಲ್ಲ. ಹುಡುಗಿಯನ್ನು ನಡುನೀರಿನಲ್ಲಿ ಬಿಟ್ಟು ಹೇಗೆ ಹೋಗುತ್ತಾರೆ?

ಐದು. ಆರು. ದೀಪದ ಹೆಂಗಸಿಗೂ ಕಾಲಿನ ಬುಡದಲ್ಲಿ ಮರಳು ಸರಿದಂತಾಯಿತು. ಏಳನ್ನು ಅವಳು ಎಣಿಸಲಿಲ್ಲ, ಮರೆತುಬಿಟ್ಟಿದ್ದಳು. ಆಚೆ ದಡದಲ್ಲಿ ಬೆಳಕು ಏರಿತು. ಮಗಳು ಒಲೆಯ ಮುಂದೆ ಕೂತಿದ್ದಳು.

"ದಡ ಮುಟ್ಟಿದಳು," ಎಂದು ಪಕ್ಕದವಳು ಉಸಿರು ಬಿಟ್ಟಳು. ಹಿಡಿದ ಕೈಯನ್ನೂ ಬಿಟ್ಟಳು.

ಮಗಳು ಅವ್ವನಿಗೆಂದು ತಟ್ಟೆ ಇಟ್ಟಳು. ಯಾರೂ ನಗಲಿಲ್ಲ.

ನಾಲ್ಕನೆಯ ಆಟಕ್ಕೆ ದೀಪದ ಹೆಂಗಸು ತಿರುಗಿ ಬಾನಿಯ ಮುಂದೆ ನಿಂತಳು. ಭಯ ಹೋಗಿರಲಿಲ್ಲ. ಅಂಗೈ ಬೆವರಿ ಕೋಲು ಜಾರುತ್ತಿತ್ತು. ಹೊತ್ತು ಬಂದಾಗ ತಗಡನ್ನು ನೀರಿನಿಂದ ಪೂರ್ತಿ ಎತ್ತಿದಳು. ತಗಡಿನ ತುದಿಯಿಂದ ಹನಿ ಬಾನಿಗೆ ಬೀಳುವ ಸದ್ದು ಅವಳಿಗೆ ಕೇಳುತ್ತಿತ್ತು. ಒಂದು. ಎರಡು. ಮೂರಕ್ಕೆ ಹಿಂದೆ ಎಲ್ಲಿಯೋ ಬೆಂಚು ಕಿರುಗುಟ್ಟಿತು. ಎದ್ದರು ಎಂದುಕೊಂಡಳು. ನಾಲ್ಕಕ್ಕೆ ಅವಳ ಬಲಗೈ ದಡದ ಬಾನಿಯ ಕಡೆ ಹೊರಟಿತು. ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದಳು. ಐದಕ್ಕೆ ಯಾರೋ ಕೆಮ್ಮಿದರು. ಸತ್ತ ತಾಯಿ ಕತ್ತಲೆಯಲ್ಲಿ ಅವಳ ಹೆಗಲು ಸವರಿಕೊಂಡು ಒಳಗೆ ಹೋದಳು. ಆರು. ಏಳು. ಆಗ ತಗಡು ಇಳಿಸಿದಳು, ಹಾಲಿಗೆ ಹೆಪ್ಪು ಹಾಕುವವರ ಹಾಗೆ ಮೆಲ್ಲಗೆ ಇಳಿಸಿದಳು.

ಆಟ ಮುಗಿದ ಮೇಲೆ ಮುದುಕಿ ಅವಳ ಬಳಿ ಬಂದು, "ಇವತ್ತ ಖರೇನ ಸತ್ತೆ ನೋಡವಾ," ಎಂದು ಹೇಳಿ, ಚಹಾ ಕುಡಿಯಲು ಹೋದಳು. ಪರದೆಗಳು ಪೆಟ್ಟಿಗೆಯಲ್ಲೇ ಉಳಿದವು.

ನಿಂಬವ್ವ ತಾಯಿ ಕತೆ ನಿಲ್ಲಿಸಿದಳು. ಫಕೀರಪ್ಪ ಇನ್ನೂ ಏನೋ ಬರಲಿದೆ ಎಂಬಂತೆ ಕಾದ. ಬರಲಿಲ್ಲ.

"ಕತಿ ಚಲೋ ಐತವ್ವಾ," ಎಂದ ಕೊನೆಗೆ. "ಆದ್ರ ನನ್ನ ಮಾತಿಗೆ ಏನಂದಿ? ದೀಕ್ಷಾ ಇವತ್ತ ಆಗತೈತೋ, ನಾಳೆ ಆಗತೈತೋ?"

"ಚೀಲ ಕೆಳಗಿಡು ಫಕೀರಪ್ಪಾ," ಎಂದಳು ತಾಯಿ, "ನೀ ಇನ್ನೂ ನಾಲ್ಕರಾಗ ಇದ್ದಿ."

ಫಕೀರಪ್ಪ ಚೀಲವನ್ನು ಹೆಗಲಿನಿಂದ ಇಳಿಸಿ ಕೆಳಗಿಟ್ಟ.