ಲಗೂನ ಅಂದ್ರ ಯಾವಾಗ?

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಅಲ್ಲಿದ್ದ ಗುರುಪಾದಜ್ಜ ಮುರಿದ ಎಲುಬು ಕೂಡಿಸುವುದರಲ್ಲಿ ಎತ್ತಿದ ಕೈ. ಜಾರಿದವರು, ಬಿದ್ದವರು, ಎತ್ತಿನ ಒದೆ ತಿಂದವರು, ಎಲ್ಲರೂ ಆ ಮಠದ ಪಡಸಾಲೆಗೇ ಬರುತ್ತಿದ್ದರು.

ಅಜ್ಜನ ಶಿಷ್ಯ ಭರಮಣ್ಣ. ಆಳು ಕಟ್ಟುಮಸ್ತು, ಕರುಳು ಮಾತ್ರ ಬೆಣ್ಣೆ. ಯಾರಾದರೂ ಕಣ್ಣೀರು ಹಾಕಿದರೆ ಅವನಿಂದ ನೋಡಲು ಆಗುತ್ತಿರಲಿಲ್ಲ.

ಅದಕ್ಕೇ ಅವನು ಒಂದು ಮಾತು ಹಿಡಿದುಕೊಂಡಿದ್ದ. ಬೇಗ ಅನ್ನುವುದಕ್ಕೆ ಆ ಕಡೆಯವರು ಲಗೂನ ಅನ್ನುತ್ತಾರೆ. ಕಾಲು ಮುರಿದವರು ಬಂದರೂ ಅದೇ, ಭುಜ ಕಳಚಿದವರು ಬಂದರೂ ಅದೇ.

"ಲಗೂನ ಆರಾಮ ಆಗತೈತಿ, ಅಳಬ್ಯಾಡ್ರಿ."

ಬಾಯಿಮಾತಿಗೆ ಗಂಟೇನು ಹೋಗುತ್ತದೆ ಹೇಳಿ! ಅಳುವವರು ಕಣ್ಣೊರೆಸಿಕೊಳ್ಳುತ್ತಿದ್ದರು. ಭರಮಣ್ಣನಿಗೂ ಹಾಯೆನಿಸುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅಜ್ಜ ಕೇಳಿದರು. "ಭರಮಾ, ನಿನ್ನ ಕಡೆ ಲಗೂನ ಎಷ್ಟು ಅದಾವು?"

"ಎಷ್ಟಂದ್ರ ಏನ್ರಿ ಅಜ್ಜಾರ? ಇರೂದ ಒಂದಲ್ರಿ."

"ಹೌದಾ? ಮುಂಜಾನೆ ಲಗೂನ ಎದ್ದೆ ಅಂತಿ. ಅವಾಗ ಕೋಳಿ ಸುದ್ದಾ ಕೂಗಿರೂದಿಲ್ಲ. ಹಸಿವ್ಯಾದಾಗ ಲಗೂನ ನೀಡ್ರಿ ಅಂತಿ. ಊಟದ ಗಂಗಾಳ ಮುಂದ ಬರೂದರಾಗ ಬಾಯಿ ತಗದಿರ್ತಿ. ನದಿಗೆ ಹೋಗಿ ಲಗೂನ ಬರ್ತೀನಿ ಅಂದಾಂವ ಹೊತ್ತು ಮುಳುಗಿದ ಮ್ಯಾಲೆ ಬರ್ತಿ. ಮುರದ ಕಾಲಿಗೂ ಅದ ಮಾತು ಹೇಳ್ತಿ. ಅದು ಇದರಾಗ ಯಾವ ಲಗೂನ?"

ಭರಮಣ್ಣ ತಲೆ ಕೆರೆದುಕೊಂಡ. "ಸಮಾಧಾನಕ್ಕ ಅಂತೀನ್ರಿ."

"ಯಾರ ಸಮಾಧಾನಕ್ಕ?"

"ಅವರ ಸಮಾಧಾನಕ್ಕರಿ. ಮತ್ತ್ಯಾರದು?"

ಅಜ್ಜ ಹೂಂ ಅಂದು ಮಜ್ಜಿಗೆ ಕುಡಿದರು.

ಅದಾದ ಸ್ವಲ್ಪ ದಿನಕ್ಕೆ ತಂಗೆವ್ವ ಬಂದಳು. ಸಂತೆಯಲ್ಲಿ ಒಲೆ ಹೂಡಿ, ಬಿಸಿಬಿಸಿ ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ನದಿಯ ಮೆಟ್ಟಿಲ ಮೇಲೆ ಪಾಚಿಗೆ ಜಾರಿ ಆ ಬಲಗೈಯನ್ನೇ ಮುರಿದುಕೊಂಡಿದ್ದಳು.

ಅಜ್ಜ ಎಲುಬು ಕೂಡಿಸಿ, ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. "ನಾ ಬಿಚ್ಚೂತನಕ ಇದನ್ನ ಬಿಚ್ಚಬ್ಯಾಡ ನೋಡವ್ವಾ" ಎಂದು ಹೇಳಿ, ಪಕ್ಕದಲ್ಲಿ ನರಳುತ್ತಿದ್ದ ಇನ್ನೊಬ್ಬರ ಕಡೆ ಹೋದರು.

ತಂಗೆವ್ವ ಸೆರಗಿನಿಂದ ಕಣ್ಣೊತ್ತಿಕೊಂಡು ಭರಮಣ್ಣನನ್ನು ಕೇಳಿದಳು. "ತಮ್ಮಾ, ನಾ ರೊಟ್ಟಿ ಬಡಿಯೂದು ಇನ್ನ ಯಾವಾಗಪಾ?"

"ಲಗೂನ ಬಡೀತಿ ಅಕ್ಕಾ. ಅಳಬ್ಯಾಡ."

ತಂಗೆವ್ವನ ಪಾಲಿಗೆ ಲಗೂನ ಅಂದರೆ ಮುಂದಿನ ಸಂತೆ. ಪಾಪ, ಅವಳಿಗೆ ಬೇರೆ ಯಾವ ಲೆಕ್ಕ ಇತ್ತು? ಮನೆಗೆ ಹೋದವಳೇ ಜೋಳ ಬೀಸಿಸಿದಳು. ವಾರವಾರ ತಿನ್ನುವವರಿಗೆಲ್ಲ ಬರುತ್ತೇನೆಂದು ಹೇಳಿ ಕಳಿಸಿದಳು.

ಸಂತೆಯ ದಿನ ಮುಂಜಾನೆ ಹಿಟ್ಟಿನ ಗಂಟು ಹೊತ್ತು ಮಠಕ್ಕೆ ಬಂದಳು. ಅಜ್ಜ ಹೊಳೆ ದಾಟಿ ಆಚೆ ಊರಿಗೆ ಹೋಗಿದ್ದರು.

"ಬಿಚ್ಚಪಾ ತಮ್ಮಾ."

"ಅಜ್ಜಾರು ಬರ್ಲಿ ಅಕ್ಕಾ."

"ಅವರು ಬರೂತನಕ ಸಂತಿ ನಿಂದರತೈತೇನು? ನೀನ ಲಗೂನ ಅಂದಿದ್ದಿ. ನೋವೂ ಕಡಿಮಿ ಆಗೈತಿ. ನಿನ್ನ ಮಾತು ನಂಬಿ ನಾ ಮಂದಿಗೆ ಮಾತು ಕೊಟ್ಟೀನಿ. ಹಂಗಾದ್ರ ನೀ ಹೇಳಿದ್ದು ಸುಳ್ಳೇನು?"

ಹೌದು, ಸುಳ್ಳು ಅನ್ನಲು ಭರಮಣ್ಣನಿಗೆ ಬಾಯಿ ಬರಲಿಲ್ಲ. ಬಿಚ್ಚಲು ಕೈ ಬಂತು.

ತಂಗೆವ್ವ ಅಲ್ಲೇ ಮಠದ ಒಲೆಯ ಮುಂದೆ ಹಿಟ್ಟು ಕಲೆಸಿಕೊಂಡಳು. ಎಡಗೈಯಲ್ಲೇ ನಾದಿದಳು. ಬಲಗೈ ಎತ್ತಿ ಮೊದಲ ಏಟು ಬಡಿದಳು ನೋಡಿ, "ಯವ್ವಾ!" ಎಂಬ ಕೂಗು ಹೊಳೆಯ ಆಚೆ ದಂಡೆಗೂ ಕೇಳಿಸಿತು. ಕೂಡುತ್ತಿದ್ದ ಎಲುಬು ಮತ್ತೆ ಸರಿದಿತ್ತು.

ಅಜ್ಜ ಮರಳಿ ಬಂದವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು ಅನಿಸಿತು ಭರಮಣ್ಣನಿಗೆ.

"ಹಿಡಿ" ಅಂದರು.

ಭರಮಣ್ಣ ಅವಳ ಮೊಣಕೈ ಹಿಡಿದ, ಅಜ್ಜ ಎಳೆದು ಕೂಡಿಸಿದರು. ತಂಗೆವ್ವ ಅವನ ಕಿವಿಯ ಹತ್ತಿರವೇ ಚೀರಿದಳು. ಅವನ ಕಣ್ಣಲ್ಲಿ ನೀರು ದಳದಳ ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ.

ಅವಳು ಹೋದ ಮೇಲೆ ಅಜ್ಜನನ್ನು ಕೇಳಿದ. "ಅಜ್ಜಾರ, ಆಕೀ ಕೈ ನೆಟ್ಟಗ ಆಗತೈತೇನ್ರಿ?"

"ಲಗೂನ" ಅಂದರು ಅಜ್ಜ.

ಮರುದಿನ ಅಂಗಳ ಗುಡಿಸುತ್ತ ಕೇಳಿದ. "ಖರೇನ ಆಗತೈತೇನ್ರಿ?"

"ಲಗೂನ."

ನೀರು ತರುವಾಗ ಇನ್ನೊಮ್ಮೆ ಕೇಳಿದ. ಅಜ್ಜ ತಲೆ ಎತ್ತದೆ ಅದನ್ನೇ ಅಂದರು.

ಭರಮಣ್ಣ ಕೊಡವನ್ನು ಧಡ್ಡನೆ ಕೆಳಗಿಟ್ಟ. "ನಿಮ್ಮ ಕಾಲಿಗೆ ಬೀಳ್ತೀನ್ರಿ ಅಜ್ಜಾರ, ಆ ಮಾತು ಬ್ಯಾಡ್ರಿ! ಕೇಳಿದ್ರ ಮೈ ಉರಿತೈತಿ. ಆಗತೈತೋ ಇಲ್ಲೋ, ಇದ್ದದ್ದು ಇದ್ದಂಗ ಹೇಳ್ರಿ."

"ಗೊತ್ತಿಲ್ಲ."

ಏನು ಸೋಜಿಗವೋ, ಭರಮಣ್ಣನನ್ನು ನಿನ್ನೆಯಿಂದ ಹಿಂಡುತ್ತಿದ್ದ ಸಂಕಟ ಅರ್ಧ ಇಳಿದೂ ಹೋಯಿತು.

"ನಿಮಗೂ ಗೊತ್ತಿಲ್ರಿ?"

"ಕೂಡಸೂದು ನನ್ನ ಕೆಲಸ. ಕೂಡೂದು ಎಲುಬಿನ ಕೆಲಸ. ಅದೇನು ನನ್ನ ಕೇಳಿ ಮಾಡತೈತೇನು? ಹೋಗು, ಇದನ್ನ ತಂಗೆವ್ವಗ ಹೇಳಿ ಬಾ."

"ನಾನಾ?"

"ಲಗೂನ ಅಂದಾಂವ ಯಾರು?"

ಭರಮಣ್ಣ ತಂಗೆವ್ವನ ಮನೆಗೆ ಹೋದ. ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದ. "ಅಕ್ಕಾ, ನಿನ್ನ ಕೈ ಯಾವಾಗ ಸರಿ ಆಗತೈತಿ, ನನಗ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ನೀ ಅಳೂದು ನನ್ನ ಕೈಲೆ ನೋಡಾಕ ಆಗಲಿಲ್ಲ. ನನ್ನ ಸಮಾಧಾನಕ್ಕ ಅಂದುಬಿಟ್ಟೆ. ತಪ್ಪು ನಂದು."

ತಂಗೆವ್ವ ಸುಮ್ಮನಿರುವ ಹೆಂಗಸೇ? "ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಶುರು ಮಾಡಿದವಳು ಅವನ ಏಳು ತಲೆಮಾರು ಜಾಲಾಡಿದಳು. ಓಣಿಯ ಮಂದಿ ಹೊರಗೆ ಬಂದು ನಿಂತು ಕೇಳಿದರು. ಭರಮಣ್ಣ ಕದಲಲಿಲ್ಲ.

ಬೈದು ಬೈದು ಸಾಕಾಗಿ ಅವಳು ಹೊಸ್ತಿಲ ಮೇಲೆ ಕೂತಳು. "ಅವತ್ತ ಇಷ್ಟು ಹೇಳಿದ್ರ ಕೈ ಕಟಗೊಂಡು ಮನ್ಯಾಗ ಇರ್ತಿದ್ದೆ. ಜೋಳರ ಉಳೀತಿತ್ತು. ಈಗ ಬೀಸಿದ ಹಿಟ್ಟಿನ ರೊಟ್ಟಿ ಯಾರು ಬಡೀತಾರ, ನಮ್ಮಪ್ಪ?"

ಭರಮಣ್ಣ ಅಂಗಿಯ ತೋಳು ಮಡಚಿದ. "ನೀ ಹೇಳಿಕೊಡು. ನಾ ಬಡೀತೀನಿ."

ಮುಂದಿನ ಸಂತೆಯಲ್ಲಿ ಜನ ನಕ್ಕಿದ್ದೇ ನಕ್ಕಿದ್ದು. ಅವನ ಮೊದಲ ರೊಟ್ಟಿ ಹರಿದು ಒಲೆಗೆ ಬಿತ್ತು. ಮುಂದಿನದು ಎಮ್ಮೆಯ ಕಿವಿಯ ಹಾಗೆ ಜೋತಾಡಿತು.

"ತಿರುವಿ ಬಡಿಯೋ! ರೊಟ್ಟಿ ನಿನ್ನ ವೈರಿ ಏನು?" ಎಂದು ತಂಗೆವ್ವ ಪಕ್ಕದಲ್ಲಿ ಕೂತು ಬೈಯುತ್ತಿದ್ದಳು. ಜನ ಬೈಗುಳ ಕೇಳಲೆಂದೇ ಬಂದರು, ಬಂದವರು ರೊಟ್ಟಿಯನ್ನೂ ತಿಂದರು.

ಸಂತೆಯ ಮೇಲೆ ಸಂತೆ ಕಳೆಯಿತು. ಭರಮಣ್ಣನ ಅಂಗೈ ದಡ್ಡುಗಟ್ಟಿತು. ಕೈ ಯಾವಾಗ ಸರಿಹೋಗುತ್ತದೆ ಎಂದು ಅವಳು ಕೇಳಲಿಲ್ಲ, ಅವನೂ ಮಾತೆತ್ತಲಿಲ್ಲ. ಮಾಡುವ ಕೆಲಸವೇ ಬೇಕಾದಷ್ಟಿತ್ತು.

ಹೊಲದಲ್ಲಿ ಜೋಳ ತೆನೆಗಟ್ಟುವ ಹೊತ್ತಿಗೆ ಅಜ್ಜ ಅವಳನ್ನು ಮಠಕ್ಕೆ ಕರೆಸಿದರು. ದಬ್ಬೆ ಬಿಚ್ಚಿ, ಎಲುಬಿನ ಉದ್ದಕ್ಕೂ ಹೆಬ್ಬೆರಳು ಒತ್ತಿ ನೋಡಿದರು. "ಕೂಡೈತಿ. ಬಡಿ, ನೋಡೋಣು."

ತಂಗೆವ್ವ ಒಲೆಯ ಮುಂದೆ ಕೂತಳು. ಹಿಟ್ಟಿನ ಮೇಲೆ ಕೈ ಎತ್ತಿದಳು, ಹೆದರಿ ಇಳಿಸಿದಳು, ಮತ್ತೆ ಎತ್ತಿದಳು.

ಬಡಿದಳು. ಇನ್ನೊಂದು ಏಟು ಬಡಿದಳು. ಕೈ ತಾಳಿಕೊಂಡಿತು.

ರೊಟ್ಟಿ ದಪ್ಪಗಾಯಿತು, ಅಂಚು ಸೀಳಿತು. ಆದರೇನಂತೆ! ತಂಗೆವ್ವ ನಗುತ್ತಲೇ ಅತ್ತಳು. ಭರಮಣ್ಣನೂ ನಾಚಿಕೆ ಬಿಟ್ಟು ಅತ್ತ.

"ಆದ್ರೂ ತಮ್ಮಾ, ಮೊದಲಿನಂಗ ತೆಳ್ಳಗ ಬಡಿಯೂದು ಯಾವಾಗೋ?"

ಹಳೆಯ ಮಾತು ಭರಮಣ್ಣನ ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡ.

"ಗೊತ್ತಿಲ್ಲಕ್ಕಾ. ಅಲ್ಲೀತನಕ ನಾನೂ ಬಡೀತೀನಿ."

"ಬಡಿ, ಬಡಿ. ನಿನ್ನ ರೊಟ್ಟಿ ತಿಂದು ಮಂದಿ ಹಲ್ಲರ ಗಟ್ಟಿ ಆಗ್ಯಾವು."

ಅಷ್ಟರಲ್ಲಿ ಅಂಗಳಕ್ಕೆ ಒಂದು ಎತ್ತಿನ ಚಕ್ಕಡಿ ಬಂತು. ಕಾಲು ಮುರಿದ ಗಂಡಸೊಬ್ಬನನ್ನು ಇಳಿಸಿ ಪಡಸಾಲೆಯಲ್ಲಿ ಮಲಗಿಸಿದರು. ಅವನ ಹೆಂಡತಿ ಅಳುತ್ತ ಬಂದು ಅಜ್ಜನ ಕಾಲು ಹಿಡಿದಳು.

"ಅಜ್ಜಾರ, ನಮ್ಮನಿಯವರ ಕಾಲು ಯಾವಾಗ ಆರಾಮ ಆಗತೈತ್ರಿ?"

ಅಜ್ಜ ತಂಗೆವ್ವನ ದಪ್ಪ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಿದ್ದರು. ಅಗಿಯುತ್ತಲೇ ಭರಮಣ್ಣನ ಕಡೆ ಕೈ ತೋರಿಸಿದರು.

"ಗೊತ್ತಿಲ್ಲ ಅನ್ನಾಕ ಕಲತಾಂವ ಅಲ್ಲಿ ಕುಂತಾನ ತಾಯಿ. ಅವನ್ನ ಕೇಳು."