ದೀಪ ಆರಿಸಿದ ಫ್ಯಾನು

"ಗುರುಗಳೇ, ತಲೆಯೊಳಗಿನ ಗದ್ದಲ ನಿಲ್ಲಬೇಕಾದರೆ ನಾನು ಇನ್ನು ಯಾರ ಹತ್ತಿರ ಕಲಿಯಬೇಕು?" ಎಂದು ಶಿಷ್ಯ ಕೇಳಿದ.

ಅವನು ಆಗಲೇ ಏಳು ಆಶ್ರಮಗಳಲ್ಲಿ ಕಲಿತು ಬಂದವನು. ಒಂದು ಕಡೆ ಉಸಿರು ಹಿಡಿಯುವುದನ್ನು ಕಲಿತಿದ್ದ, ಇನ್ನೊಂದು ಕಡೆ ಉಪವಾಸವನ್ನು. ಮೌನದ ಶಿಬಿರದಲ್ಲಿ ಬರೆದುಕೊಂಡ ಟಿಪ್ಪಣಿಯೇ ಎರಡು ನೋಟುಬುಕ್ಕು ತುಂಬಿತ್ತು. ಎಂಟನೆಯ ಆಶ್ರಮಕ್ಕೆ ಅಂದೇ ಹೊರಡುವವನಿದ್ದ.

"ಕೂತುಕೋ. ರೈಲಿಗೆ ಇನ್ನೂ ಹೊತ್ತಿದೆ," ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಮೇಷ್ಟ್ರಿದ್ದರು. ನಿವೃತ್ತರಾದ ಮೇಲೆ, ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಪಾಠದ ಪುಸ್ತಕಗಳನ್ನು ಓದಿ, ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸಿ ಕಳಿಸುತ್ತಿದ್ದರು. ಮಕ್ಕಳಿಗೆ ಅವರ ಓದೆಂದರೆ ಇಷ್ಟ. ಬೆಳಿಗ್ಗೆ ಎದ್ದು ಅಂಗಿ ಇಸ್ತ್ರಿ ಮಾಡಿಕೊಳ್ಳಲು ಮೇಷ್ಟ್ರಿಗೆ ಅದೊಂದೇ ಕಾರಣ ಉಳಿದಿತ್ತು.

ಚಿಕ್ಕ ಮನೆ. ಕಂಪ್ಯೂಟರಿಗೆ ಸಿಕ್ಕಿದ್ದು ದೇವರ ಗೂಡಿನ ಮುಂದಿನ ಜಾಗ. ಅದರ ಸಿಪಿಯು ಪೆಟ್ಟಿಗೆಯಲ್ಲಿ ಎರಡು ಫ್ಯಾನುಗಳಿದ್ದವು. ಮುಂದಿನದು ತಂಪು ಗಾಳಿಯನ್ನು ಒಳಗೆಳೆಯುತ್ತಿತ್ತು. ಹಿಂದಿನದು ಬಿಸಿ ಗಾಳಿಯನ್ನು ಹೊರಗೆ ತಳ್ಳುತ್ತಿತ್ತು. ಆ ಗಾಳಿ ನೇರವಾಗಿ ಹೋಗಿ ದೇವರ ದೀಪಕ್ಕೆ ಬಡಿಯುತ್ತಿತ್ತು.

"ರೀ, ನಿಮ್ಮ ಪೆಟ್ಟಿಗೆ ಇವತ್ತು ಮೂರು ಸಲ ದೀಪ ಆರಿಸಿತು. ಈ ಮನೆಯಲ್ಲಿ ಅದು ಇರಬೇಕೋ, ದೇವರು ಇರಬೇಕೋ, ಒಂದು ಹೇಳಿಬಿಡಿ," ಎಂದರು ಹೆಂಡತಿ.

ಮೇಷ್ಟ್ರಿಗೆ ಎರಡೂ ಬೇಕು. ಸ್ಕ್ರೂ ಬಿಚ್ಚಿ, ಹಿಂದಿನ ಫ್ಯಾನನ್ನು ತಿರುಗಿಸಿ ಕೂರಿಸಿದರು. ಈಗ ಅದೂ ಗಾಳಿಯನ್ನು ಒಳಕ್ಕೇ ಊದತೊಡಗಿತು. ದೀಪ ಅಲುಗದೆ ನಿಂತಿತು. ಅಂದು ಮನೆಯಲ್ಲಿ ಪಾಯಸ.

ಒಳಗೆ ಹೋದ ಗಾಳಿಗೆ ಹೊರಬರಲು ಸರಿಯಾದ ದಾರಿ ಇಲ್ಲದಂತಾಯಿತು. ಪೆಟ್ಟಿಗೆ ಕಾಯಿತು. ಕಾದಷ್ಟೂ ಫ್ಯಾನುಗಳು ಜೋರಾಗಿ ತಿರುಗುವಂತೆ ಆ ಯಂತ್ರವನ್ನು ಮಾಡಿರುತ್ತಾರೆ. ಅವು ತಿರುಗಿದವು. ಸದ್ದೆಲ್ಲ ಮೈಕಿಗೆ ಹೋಯಿತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು.

"ಮೇಷ್ಟ್ರೇ, ಬೇಜಾರು ಮಾಡಿಕೋಬೇಡಿ. ಮೇಷ್ಟ್ರು ಹಿಟ್ಟಿನ ಗಿರಣಿಯಲ್ಲಿ ಕೂತು ಓದ್ತಾರಾ ಅಂತ ಮಕ್ಕಳು ಕೇಳುತ್ತಿದ್ದಾರೆ. ಪರೀಕ್ಷೆ ಹತ್ತಿರ ಬಂತು. ಇತಿಹಾಸದ ಪಾಠ ಸೋಮವಾರದೊಳಗೆ ಸರಿಯಾಗಿ ಕೇಳಿಸುವ ಹಾಗೆ ಬಂದರೆ ಬಂತು. ಇಲ್ಲದಿದ್ದರೆ, ಈಗ ಫೋನೇ ಓದುತ್ತದಲ್ಲ, ಅದರ ಹತ್ತಿರವೇ ಓದಿಸುತ್ತೇವೆ. ನೀವೂ ಸ್ವಲ್ಪ ಆರಾಮಾಗಿರಿ."

ಕೊನೆಯ ಮಾತು ಮೇಷ್ಟ್ರಿಗೆ ನಾಟಿತು. ಬೀಳ್ಕೊಡುಗೆಯ ದಿನ ಹಾರ ಹಾಕಿದವರೂ ಅದನ್ನೇ ಹೇಳಿದ್ದರು.

ಅವರು ಅಂಗಡಿಗೆ ಓಡಿದರು. "ಸದ್ದೇ ಮಾಡದ ಫ್ಯಾನು ಕೊಡಿ," ಎಂದರು.

"ಇದು ತಿರುಗುತ್ತಿದೆಯೋ ಇಲ್ಲವೋ ಅಂತ ನೀವೇ ಬಗ್ಗಿ ನೋಡಬೇಕು ಸಾರ್," ಎಂದು ಅಂಗಡಿಯವನು ಮೂರು ಕೊಟ್ಟ.

ಮೇಷ್ಟ್ರು ಒಂದನ್ನು ಮುಂದೆ, ಎರಡನ್ನು ಮೇಲೆ ಹಾಕಿದರು. ತಂಪು ಇರುವುದು ಹೊರಗೆ, ಬೇಕಾಗಿರುವುದು ಒಳಗೆ. ಆದ್ದರಿಂದ ಮೂರೂ ಒಳಕ್ಕೇ ಊದುವಂತೆ ಹಾಕಿದರು. ಈಗ ಐದು ಫ್ಯಾನುಗಳು ಸೇರಿ ಮೊರೆದವು. ಸದ್ದು ತಡೆಯಲು ಪೆಟ್ಟಿಗೆಗೆ ಕೌದಿ ಹೊದಿಸಿದರು. ರಾಜರ ವಂಶಾವಳಿ ಓದುತ್ತಿದ್ದಾಗ, ಮೂರನೆಯ ರಾಜ ಪಟ್ಟಕ್ಕೆ ಬರುವಷ್ಟರಲ್ಲಿ, ಕಂಪ್ಯೂಟರು ಕಾದು ಆಫ್ ಆಯಿತು. ಬೆಳಗಿನಿಂದ ಓದಿದ್ದೆಲ್ಲ ಹೋಯಿತು. ಅಂದು ಶನಿವಾರ.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸೊಬ್ಬಳನ್ನು ಕರೆಸಿದರು. ಅವಳು ಕೌದಿ ತೆಗೆದು ಮಡಿಸಿಟ್ಟಳು. ಪೆಟ್ಟಿಗೆ ಶುರುಮಾಡಿದಳು. ಆಮೇಲೆ ದೇವರ ಗೂಡಿಗೆ ಹೋಗಿ ಒಂದು ಊದುಬತ್ತಿ ಹಚ್ಚಿದಳು.

"ಪೂಜೆ ಆಗಿದೆ ತಾಯಿ. ನೀನು ರಿಪೇರಿ ಮಾಡು," ಎಂದರು ಮೇಷ್ಟ್ರು.

"ಪೂಜೆ ಯಾರು ಮಾಡ್ತಿದ್ದಾರೆ ಮೇಷ್ಟ್ರೇ? ಹೊಗೆ ಎತ್ತ ಹೋಗುತ್ತೆ, ಸ್ವಲ್ಪ ನೋಡಿ."

ಪೆಟ್ಟಿಗೆಯ ಮುಂದೆ ಹಿಡಿದಳು. ಹೊಗೆ ಒಳಗೆ ಹೋಯಿತು. ಮೇಲೆ ಹಿಡಿದಳು. ಒಳಗೆ ಹೋಯಿತು. ಹಿಂದೆ ಹಿಡಿದಳು. ಅಲ್ಲೂ ಒಳಗೇ ಹೋಯಿತು.

"ಐದು ಬಾಗಿಲಲ್ಲೂ ನಿಂತು ಬನ್ನಿ ಬನ್ನಿ ಅಂತಿದ್ದೀರಿ. ಬಂದವರು ಹೋಗೋದು ಯಾವ ಕಡೆಯಿಂದ?"

"ಹಿಂದಿನದು ಹೊರಗೆ ಊದಿದರೆ ದೀಪ ನಂದುತ್ತದಮ್ಮ."

"ಅದಕ್ಕೆ ಫ್ಯಾನು ತಿರುಗಿಸಿದಿರಾ? ಪೆಟ್ಟಿಗೆ ತಿರುಗಿಸಿದ್ದರೆ ಆಗ್ತಿರಲಿಲ್ವಾ?"

ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಅಷ್ಟು ಸದ್ದಿನಲ್ಲೂ ಕೇಳಿಸಿತು.

ರಿಪೇರಿಯವಳು ಮೇಲಿನ ಎರಡನ್ನೂ ಬಿಚ್ಚಿ ಮೇಷ್ಟ್ರ ಕೈಗಿಟ್ಟಳು. ಮುಂದಿನ ಎರಡು ಚಿಕ್ಕ ಫ್ಯಾನುಗಳನ್ನು ತೆಗೆದು, ಅಲ್ಲಿ ತಾನು ತಂದಿದ್ದ ದೊಡ್ಡದೊಂದನ್ನು ಕೂರಿಸಿದಳು. "ಅಷ್ಟೇ ಗಾಳಿ ತರೋಕೆ ಚಿಕ್ಕದು ಓಡಬೇಕು, ದೊಡ್ಡದು ನಡೆದರೆ ಸಾಕು," ಎಂದಳು. ಹಿಂದಿನದನ್ನು ಮತ್ತೆ ಹೊರಕ್ಕೆ ಊದುವಂತೆ ತಿರುಗಿಸಿದಳು. ತಗಡು ನಡುಗದಿರಲೆಂದು ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಹಾಕಿದಳು. ಕೊನೆಗೆ ಪೆಟ್ಟಿಗೆಯನ್ನು ಎತ್ತಿ, ಅದರ ಬೆನ್ನು ಕಿಟಕಿಯ ಕಡೆ ಬರುವಂತೆ ಇಟ್ಟಳು.

ಮತ್ತೆ ಊದುಬತ್ತಿ ಹಿಡಿದಳು. ಹೊಗೆ ಮುಂದಿನಿಂದ ಒಳಗೆ ಹೋಗಿ, ಹಿಂದಿನಿಂದ ಹೊರಬಂದು, ಕಿಟಕಿ ದಾಟಿ ಹೋಯಿತು. ಮೇಷ್ಟ್ರು ಬಗ್ಗಿ ಕಿವಿಗೊಟ್ಟರು. "ಇದು ನಿಂತುಹೋಗಿದೆಯಲ್ಲಮ್ಮ!" ಎಂದು ಗಾಬರಿಯಾದರು. ಅದು ತಿರುಗುತ್ತಿತ್ತು.

ಅಂದು ಅವರು ಮೊದಲನೆಯ ರಾಜನಿಂದ ಶುರುಮಾಡಿ ಕೊನೆಯವನ ತನಕ ಒಂದೇ ದಿನದಲ್ಲಿ ಓದಿ ಮುಗಿಸಿದರು. ಸೋಮವಾರ ಶಾಲೆಯಿಂದ ಫೋನು ಬಂತು.

"ಮೇಷ್ಟ್ರೇ, ಮಕ್ಕಳದು ಹೊಸ ದೂರು. ನೀವು ಬೆರಳು ನೆಕ್ಕಿ ಪುಟ ತಿರುವುತ್ತೀರಂತೆ. ಅದೂ ಕೇಳಿಸುತ್ತದಂತೆ. ಒಬ್ಬಳಂತೂ ನಿಮ್ಮ ಹಾಗೇ ಮಾಡಿ ತೋರಿಸುತ್ತಾಳೆ. ಇನ್ನು ಭೂಗೋಳ ಯಾವಾಗ ಕಳಿಸುತ್ತೀರಿ?"

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮನಸಾರೆ ನಕ್ಕ.

"ಅರ್ಥವಾಯಿತು ಗುರುಗಳೇ. ನಾನು ಬೇಕಾದ್ದಕ್ಕಿಂತ ಹೆಚ್ಚು ಹಾಕಿಕೊಂಡಿದ್ದೇನೆ. ಕಲಿತ ಏಳರಲ್ಲಿ ಐದನ್ನು ಇವತ್ತೇ ಬಿಟ್ಟುಬಿಡುತ್ತೇನೆ."

"ಒಂದನ್ನೂ ಬಿಡಬೇಡ," ಎಂದರು ಗುರುಗಳು. "ಒಳಗೆ ತುಂಬಿಕೊಂಡ ಏಳರಲ್ಲಿ ನೀನು ಇಲ್ಲಿಯವರೆಗೆ ಯಾರಿಗೆ ಏನು ಕಲಿಸಿದೆ, ಅಷ್ಟು ಹೇಳು."