ಬೇಲಿಯ ಮೇಲಿನ ಕೆಂಪು ವಸ್ತ್ರ

ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಒಂದು ನಿಯಮವಿತ್ತು. ಹೊರಗೆ ಹೋಗಿ ಬಂದವನು ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು, ದಾರಿಯಲ್ಲಿ ಏನು ಕಂಡೆ ಎಂಬುದನ್ನು ಗುರುಗಳಿಗೆ ಹೇಳಬೇಕು. ಆಮೇಲೆ ಊಟ.

ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ಅಡಿವೆಪ್ಪ ದಿನವೂ ಮೋಟರ್‌ಸೈಕಲ್ ಮೇಲೆ ಹಳ್ಳಿಗಳಿಗೆ ಮಠದ ಔಷಧಿ ಮುಟ್ಟಿಸಿ ಬರುತ್ತಿದ್ದ. ಬಂದು ಕಲ್ಲಿನ ಮೇಲೆ ಕೂತು ಹೇಳುತ್ತಿದ್ದ: ಶಾಲೆಯ ಹತ್ತಿರದ ಬಾವಿಯ ಹಗ್ಗ ಸವೆದಿದೆ. ಫಕೀರಪ್ಪನ ಎತ್ತು ಕುಂಟುತ್ತಿದೆ. ಸತ್ತೆವ್ವನ ಬೇಲಿಯ ಮೇಲೆ ಏನೂ ಇರಲಿಲ್ಲ.

ಸತ್ತೆವ್ವ ರಸ್ತೆಯ ಪಕ್ಕದ ಗುಡಿಸಲಲ್ಲಿ ಬುಟ್ಟಿ ಹೆಣೆಯುವವಳು. ಉಬ್ಬಸದವಳು. ಫೋನು ಇರಲಿಲ್ಲ. ದಮ್ಮು ಹೆಚ್ಚಾದ ದಿನ ಮುಳ್ಳುಬೇಲಿಯ ಮೇಲೆ ಕೆಂಪು ವಸ್ತ್ರ ಹಾಕುತ್ತಿದ್ದಳು. ಅದು ಕಂಡರೆ ಅಡಿವೆಪ್ಪ ನಿಲ್ಲುತ್ತಿದ್ದ. ಎರಡು ಸಲ ಆಕೆಯನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದ.

ಆ ವರ್ಷ ಭಕ್ತರೊಬ್ಬರು ಅಡಿವೆಪ್ಪನಿಗೆ ಹೊಸ ಫೋನು ಕೊಡಿಸಿದರು. ಹ್ಯಾಂಡಲಿಗೆ ಅದನ್ನು ಸಿಕ್ಕಿಸುವ ಹಿಡಿಕೆ, ಕಿವಿಗೆ ಇಟ್ಟುಕೊಳ್ಳುವ ಸಣ್ಣ ಯಂತ್ರ.

“ನಿನ್ನ ಕಿವ್ಯಾಗ ಕುಂತು ಮಾತಾಡಾಕಿ ಯಾರಲೇ?” ಎಂದರು ಅಜ್ಜಾರು.

“ದಾರಿ ತೋರಸಾಕಿ ರೀ ಅಜ್ಜಾರ.”

“ಆರು ವರ್ಷದಿಂದ ಹೋಗೋ ದಾರಿ. ಮರತಿಯೇನು?”

“ಮರತಿಲ್ರಿ. ಮುಂದ ಯಾವ ಮನಿ, ಇನ್ನ ಎಷ್ಟು ನಿಮಿಷ, ಎಲ್ಲಾ ಹೇಳ್ತಾಳ್ರಿ.”

“ಆಕಿ ಅಂದಿದ್ದಕ್ಕೆಲ್ಲಾ ಹೂಂ ಅಂತಿ. ನನ್ನ ಮಾತು ಹಿಂಗ ಕೇಳಿದ್ರ ಇಷ್ಟೊತ್ತಿಗೆ ನೀನ ಗುರು ಆಗಿರ್ತಿದ್ದಿ.”

ಇಬ್ಬರೂ ನಕ್ಕರು.

“ಲಕ್ಷ್ಯ ಹಾರೂದಿಲ್ಲೇನು?”

“ಇಲ್ರಿ. ಕಣ್ಣು ರಸ್ತೆ ಮ್ಯಾಲೆ ಇರ್ತಾವ್ರಿ.”

ಮಧ್ಯಾಹ್ನ ದಾಟಿ ಬರುತ್ತಿದ್ದವನು ಹನ್ನೊಂದೂವರೆಗೇ ಬರತೊಡಗಿದ.

“ಹದಿನಾರು ಮನಿ. ಎರಡು ತಾಸು ಹತ್ತು ನಿಮಿಷ ರೀ.”

“ಶಾಣ್ಯಾ ಅದಿ. ಏಳು, ಊಟ ಮಾಡು.”

ಕಲ್ಲಿನ ಮೇಲೆ ಕೂರುವುದು ಹೆಸರಿಗಾಯಿತು. ಕೆಲವು ದಿನಗಳಲ್ಲಿ ಅದೂ ನಿಂತಿತು.

ಒಂದು ಬೆಳಿಗ್ಗೆ ಕುರಿಗಾರ ಮಾಳಿಂಗ ಮಠಕ್ಕೆ ಬಂದ. ಒಳಗೆ ಬರಲಿಲ್ಲ.

“ಅಜ್ಜಾರ, ಸತ್ತೆವ್ವ ಹೋದ್ಲ್ರೀ.”

ಅಡಿವೆಪ್ಪ ಔಷಧಿ ಚೀಲ ಕೆಳಗಿಟ್ಟ.

“ನಿನ್ನೆ ಸಂಜೀಕ ಕುರಿ ಹೊಡಕೊಂಡು ಬಂದಾಗ ನೋಡಿದೆ. ದಮ್ಮು ಹತ್ತಿತ್ತು. ಗಾಡಿ ಹೂಡಿ ಹೊಂಟೆ, ದಾರ್ಯಾಗ ಉಸಿರು ನಿಂತ್ತು.” ಮಾಳಿಂಗ ಅಡಿವೆಪ್ಪನ ಕಡೆ ನೋಡಲಿಲ್ಲ. “ಮಠದ ಗಾಡಿ ಎರಡು ದಿನಾ ಬಂತು, ನಿಲ್ಲಲಿಲ್ಲ ಅಂದ್ಲು. ಏನೋ ಅವಸರ ಇರಬೇಕು ಅಂದ್ಲು.”

ಅವನು ಹೋದ ಮೇಲೆ ಅಡಿವೆಪ್ಪ ಹೇಳಿದ: “ನಾ ಆ ದಾರಿಗೆ ಹೋಗಿದ್ನೋ ಇಲ್ಲೋ ಅಂತ ನೆನಪಾಗವಲ್ದು ಅಜ್ಜಾರ. ಎರಡು ದಾರಿ ಅದಾವಲ್ರಿ.”

“ನಿನ್ನ ಫೋನಿಗೆ ನೆನಪಿರ್ತೈತೇನು?”

ಅಡಿವೆಪ್ಪ ಫೋನು ತೆಗೆದ. ಪರದೆಯ ಮೇಲೆ ನೀಲಿ ಗೆರೆಯೊಂದು ಮೂಡಿತು. ಬೆರಳಿನಿಂದ ಹಿಗ್ಗಿಸಿದ. ಗೆರೆ ಸತ್ತೆವ್ವನ ಗುಡಿಸಲ ಮುಂದೆಯೇ ಹಾದುಹೋಗಿತ್ತು.

“ಮೊನ್ನೆ, ಹತ್ತು ಗಂಟೆ ಹದಿನಾಲ್ಕು ನಿಮಿಷ,” ಎಂದು ಓದಿದ.

“ನಿನ್ನೆ?”

“ಹತ್ತು ಹನ್ನೊಂದು.”

ಎರಡನೆಯ ದಿನ ಮೂರು ನಿಮಿಷ ಮೊದಲೇ ಹೋಗಿದ್ದ.

ಇಬ್ಬರೂ ಸತ್ತೆವ್ವನ ಮಣ್ಣಿಗೆ ಹೊರಟರು. ಅಜ್ಜಾರು ಹಿಂದೆ ಕೂತರು. ಅಡಿವೆಪ್ಪ ಫೋನನ್ನು ಹ್ಯಾಂಡಲಿಗೆ ಸಿಕ್ಕಿಸಹೋಗಿ, ಸಿಕ್ಕಿಸದೆ ಕೈಯಲ್ಲಿ ಹಿಡಿದು ನಿಂತ.

“ಹೊಳಿಗೆ ಒಗೀಲೇನ್ರಿ?”

“ಹೊಳಿ ಏನ್ ತಪ್ಪು ಮಾಡೈತಿ?”

ಅವನು ಅದನ್ನು ಕಿಸೆಯಲ್ಲಿಟ್ಟು ಗಾಡಿ ಎಬ್ಬಿಸಿದ.

ಕೆಂಪು ವಸ್ತ್ರ ಇನ್ನೂ ಬೇಲಿಯ ಮೇಲಿತ್ತು. ರಸ್ತೆಯ ತಿರುವು ದಾಟಿದೊಡನೆ, ಬಹಳ ದೂರದಿಂದಲೇ ಕಾಣುತ್ತಿತ್ತು.

ಅಡಿವೆಪ್ಪ ಗಾಡಿ ನಿಲ್ಲಿಸಿದ. ಇಳಿಯಲು ಅವನಿಂದ ಆಗಲಿಲ್ಲ. ಅಜ್ಜಾರು ಇಳಿದು, ವಸ್ತ್ರವನ್ನು ಹರಿಯದಂತೆ ಒಂದೊಂದೇ ಮುಳ್ಳಿನಿಂದ ಬಿಡಿಸಿ ಹೆಗಲ ಮೇಲೆ ಹಾಕಿಕೊಂಡರು.

ಮಣ್ಣು ಕೊಟ್ಟು, ಹೊಳೆಯಲ್ಲಿ ಮುಳುಗಿ ಮಠಕ್ಕೆ ಬಂದಾಗ ಹೊತ್ತು ಇಳಿದಿತ್ತು. ಒಳಗೆ ತಟ್ಟೆ ಹಾಕಿದ್ದರು.

ಅಡಿವೆಪ್ಪ ಬಾಗಿಲ ಬಳಿಯ ಕಲ್ಲಿನತ್ತ ನಡೆದ. ಅದರ ಮೇಲೆ ತಿಂಗಳುಗಳ ಧೂಳಿತ್ತು. ಕೈಯಿಂದ ಒರೆಸಿದ.

ಒರೆಸಿ ತಿರುಗುವಷ್ಟರಲ್ಲಿ ಅಜ್ಜಾರು ಬಂದು ಅದರ ಮೇಲೆ ಕೂತರು.

“ಅಲ್ಲಿ ನಾ ಕೂಡಬೇಕಲ್ರಿ ಅಜ್ಜಾರ.”

“ಇವತ್ತ ನಾ ಕೂಡ್ತೀನಿ. ನೀ ಕೇಳು.”

“ನಾ ಏನ್ ಕೇಳ್ಲಿ ರೀ? ನೋಡದ ಹೋದಾಂವ ನಾನು.”

ಅಜ್ಜಾರು ಹೆಗಲ ಮೇಲಿನ ಕೆಂಪು ವಸ್ತ್ರವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

“ಇಷ್ಟು ದಿನಾ ದಾರ್ಯಾಗ ಏನ್ ನೋಡ್ದಿ ಅಂತ ನಾ ಯಾಕ ಕೇಳಲಿಲ್ಲ, ಅದನ್ನ ಕೇಳು.”